ಕಟ್ಟೆ ಇಲ್ಲದ ಮಾರುಕಟ್ಟೆ

ನನ್ನ ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯದ ಕರಡಿನಲ್ಲಿ ಒಂದು ವಾಕ್ಯವಿತ್ತು: ‘ದೇವರಾಜ ಮಾರುಕಟ್ಟೆ ಮೈಸೂರಿನ ಜೀವಂತ ಪರಂಪರೆ.’ ಕರಡು ತಿದ್ದಿದವರು ‘ಜೀವಂತ’ ಎಂಬ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ‘ಯಾರ ಜೀವ?’ ಎಂದಷ್ಟೇ ಬರೆದು ಹಿಂದಿರುಗಿಸಿದರು. ನಿಜ ಹೇಳಬೇಕೆಂದರೆ ಆ ವಾಕ್ಯ ನನ್ನದೇ ಅಲ್ಲ. ಪ್ರವಾಸಿ ಕರಪತ್ರದಲ್ಲಿ, ಭಾನುವಾರದ ಪುರವಣಿಯಲ್ಲಿ, ದಸರಾ ವಿಶೇಷಾಂಕದಲ್ಲಿ ಎಲ್ಲರೂ ಬರೆಯುವ ವಾಕ್ಯ ಅದು. ಕೈಗೆ ಸಿಕ್ಕಿತು, ಇಟ್ಟುಕೊಂಡಿದ್ದೆ. ಪೆನ್ಸಿಲಿನ ಆ ಎರಡು ಪದಕ್ಕೆ ಉತ್ತರ ಹುಡುಕುತ್ತಾ ನಾನು ಸಯ್ಯಾಜಿ ರಾವ್ ರಸ್ತೆಗೂ ಗ್ರಂಥಾಲಯಕ್ಕೂ, ಅಲ್ಲಿಂದ ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿಗೂ ಓಡಾಡಿದ್ದಾಯಿತು.

ಪದದಿಂದಲೇ ಶುರುಮಾಡುತ್ತೇನೆ. ‘ಮಾರುಕಟ್ಟೆ’ ಎಂದು ನಾವು ಬರೆಯುತ್ತೇವೆಯೇ ಹೊರತು ಆಡುವುದು ಕಡಿಮೆ. ಚೀಲ ಹಿಡಿದು ಹೊರಟವರು ‘ಮಾರ್ಕೆಟ್ಟಿಗೆ ಹೋಗ್ಬರ್ತೀನಿ’ ಅನ್ನುತ್ತಾರೆ. ಮಾರುಕಟ್ಟೆ ಎಂಬುದು ಈಗ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಹೋಗಿ ಕೂತಿದೆ. ಷೇರು ಮಾರುಕಟ್ಟೆ, ಮಾರುಕಟ್ಟೆ ಶಕ್ತಿಗಳು, ಮುಕ್ತ ಮಾರುಕಟ್ಟೆ. ಕಣ್ಣಿಗೆ ಕಾಣದ, ಕಾಲಿಟ್ಟು ನಡೆಯಲಾಗದ ಒಂದು ಸಂಗತಿಗೆ ಆ ಹೆಸರು ಅಂಟಿಕೊಂಡಿದೆ. ಆದರೆ ಪದವನ್ನು ಬಿಡಿಸಿದರೆ ಸಿಗುವುದು ಗಟ್ಟಿಯಾದ ವಸ್ತು: ಮಾರುವ ಕಟ್ಟೆ. ಅರಳಿಕಟ್ಟೆ, ಬಾವಿಕಟ್ಟೆ, ಜಗುಲಿಕಟ್ಟೆಗಳ ಬಳಗದ ಪದ ಅದು. ಕೂರುವುದಕ್ಕೆ, ಹೊರೆ ಇಳಿಸುವುದಕ್ಕೆ, ಮಾತಾಡುವುದಕ್ಕೆ ಇರುವ ಎತ್ತರದ ಜಾಗ.

ದೇವರಾಜ ಮಾರುಕಟ್ಟೆಯ ಒಳಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ತರಕಾರಿಯವರು, ಬಾಳೆಹಣ್ಣಿನವರು, ಹೂವಿನವರು ಕೂರುವುದು ಎತ್ತರಿಸಿದ ಕಟ್ಟೆಯ ಮೇಲೆ. ಮಾರುವವರು ಚಕ್ಕಳಮಕ್ಕಳ ಹಾಕಿ ಕೂತರೆ, ಕೊಳ್ಳಲು ನಿಂತವರ ಕಣ್ಣಿಗೂ ಅವರ ಕಣ್ಣಿಗೂ ಹೆಚ್ಚುಕಡಿಮೆ ಒಂದೇ ಎತ್ತರ. ಬೀದಿಬದಿಯಲ್ಲಿ ಗೋಣಿಚೀಲ ಹಾಸಿ ಕೂತವರ ಹತ್ತಿರ ನಾವು ಬಗ್ಗಿ ಮಾತಾಡುತ್ತೇವೆ, ಅವರು ತಲೆ ಎತ್ತಿ ಮಾತಾಡುತ್ತಾರೆ. ಮಾಲಿನಲ್ಲಿ ಮಾತೇ ಇಲ್ಲ. ಇಲ್ಲಿ ಚೌಕಾಸಿ ಸಮಸಮವಾಗಿ ನಡೆಯುತ್ತದೆ. ಕಟ್ಟಡವನ್ನು ವರ್ಣಿಸುವವರೆಲ್ಲ ಕಮಾನು, ಹೆಬ್ಬಾಗಿಲು, ಬಣ್ಣ, ಗೋಡೆ ಎಂದು ಬರೆಯುತ್ತಾರೆ. ನನಗೆ ಇಡೀ ಕಟ್ಟಡದ ಜಾಣತನ ಕಂಡದ್ದು ಈ ಕಟ್ಟೆಯ ಎತ್ತರದಲ್ಲಿ.

ಕಟ್ಟಡದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ಹಿಂದಿರುಗಿಸಿದ ಮೇಲೆ, ಹತ್ತನೆಯ ಚಾಮರಾಜ ಒಡೆಯರ ಕಾಲದಿಂದ ಮೈಸೂರು ಹೊಸ ರೂಪ ಪಡೆಯತೊಡಗಿತು. ಮಾರುಕಟ್ಟೆ ಆ ಕಾಲದ ಕೂಸು; ಮುಂದೆ ಹಂತಹಂತವಾಗಿ ಬೆಳೆಯಿತು. ದಿವಾನ್ ಪೂರ್ಣಯ್ಯ ಕಾವೇರಿಯ ನೀರನ್ನು ಊರಿಗೆ ತರಬೇಕೆಂದು ತೋಡಿಸಿ, ಕೈಗೂಡದೆ ಉಳಿದ ನಾಲೆಯ ಜಾಡು ಈ ಭಾಗದಲ್ಲೇ ಹಾದುಹೋಗಿತ್ತು. ದಕ್ಷಿಣದ ತುದಿಗೆ ಚಿಕ್ಕ ಗಡಿಯಾರ. ಅದು ವೈಸರಾಯ್ ಡಫರಿನ್‌ನ ನೆನಪಿನದು. ಉತ್ತರದ ತುದಿಗೆ ಧನ್ವಂತರಿ ರಸ್ತೆ. ನಡುವೆ ಉದ್ದಕ್ಕೆ ಚಾಚಿದ ಕಟ್ಟಡ, ಎಂಟುನೂರಕ್ಕೂ ಹೆಚ್ಚು ಅಂಗಡಿ. ಹೊರಮೈಯಲ್ಲಿ ರಸ್ತೆಗೆ ಮುಖ ಮಾಡಿದ ಮಳಿಗೆಗಳು. ಮೈಸೂರು ಪಾಕಿನ ಜೊತೆ ಹೆಸರು ಬೆಸೆದುಕೊಂಡಿರುವ ಗುರು ಸ್ವೀಟ್ಸ್ ಇರುವುದೂ ಈ ಸಾಲಿನಲ್ಲೇ. ಒಳಗೆ ಕಟ್ಟೆಗಳ ಸಾಲು. ಹೊರಗಿನವರಿಗೆ ಷಟರ್, ಒಳಗಿನವರಿಗೆ ಟಾರ್ಪಾಲು. ಈ ಒಳ-ಹೊರ ವ್ಯತ್ಯಾಸವನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಇದನ್ನು ‘ಹಳೆಯ’ ಮಾರುಕಟ್ಟೆ ಅನ್ನುವಾಗ ನಾವು ಮರೆಯುವ ಸಂಗತಿ ಒಂದಿದೆ. ಕಟ್ಟಿದಾಗ ಇದು ಹೊಸದಾಗಿತ್ತು, ಹೊಸದು ಎಂಬ ಕಾರಣಕ್ಕೇ ಕಟ್ಟಲಾಗಿತ್ತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಇಂಡಿಯಾದ ನಗರಗಳಲ್ಲಿ ಎದ್ದ ಪುರಸಭೆಯ ಮಾರುಕಟ್ಟೆಗಳ ಹಿಂದಿನ ಯೋಚನೆ ಒಂದೇ: ಬೀದಿಯಲ್ಲಿ ಹರಡಿಕೊಂಡ ಸಂತೆಯನ್ನು ಎತ್ತಿ ಒಂದು ಸೂರಿನಡಿ ತಂದು, ಚರಂಡಿ ಮಾಡಿ, ನೀರು ಕೊಟ್ಟು, ಲೆಕ್ಕ ಇಟ್ಟು, ಬಾಡಿಗೆ ಎತ್ತುವುದು. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ 1869ರದು. ಅದಕ್ಕೆ ಹೆಸರು ಬಂದದ್ದು ಮುನಿಸಿಪಲ್ ಕಮಿಷನರನಿಂದ. ಬೆಂಗಳೂರಿನ ರಸೆಲ್ ಮಾರ್ಕೆಟ್ಟಿಗೂ ಹೆಸರು ಬಂದದ್ದು ಹಾಗೆಯೇ. ಮಾರುಕಟ್ಟೆಗೆ ಮಾರುವವರ ಹೆಸರಿಡುವ ರೂಢಿ ಯಾವ ಕಾಲಕ್ಕೂ ಇರಲಿಲ್ಲ. ದೊಡ್ಡವರ ಹೆಸರು, ಇಲ್ಲವೇ ದೊರೆಯ ಹೆಸರು.

ಪುಣೆಯ ಮಂಡಈ ಈ ವಿಷಯದಲ್ಲಿ ತಮಾಷೆಯ ಉದಾಹರಣೆ. ಅದು ಶುರುವಾದದ್ದು ಗವರ್ನರ್ ರೇ ಹೆಸರಿನಲ್ಲಿ, 1886ರಲ್ಲಿ. ಆ ಕಟ್ಟಡಕ್ಕೆ ಅಷ್ಟೊಂದು ಹಣ ಸುರಿಯುವುದನ್ನು ವಿರೋಧಿಸಿ, ಆ ದುಡ್ಡನ್ನು ಶಿಕ್ಷಣಕ್ಕೆ ಕೊಡಿ ಎಂದ ಪುರಸಭಾ ಸದಸ್ಯರು ಜೋತಿರಾವ್ ಫುಲೆ. ಇವತ್ತು ಅದರ ಹೆಸರು ಮಹಾತ್ಮ ಫುಲೆ ಮಂಡಈ. ವಿರೋಧಿಸಿದವರ ಹೆಸರನ್ನೇ ವಿರೋಧಿಸಿದ ಕಟ್ಟಡಕ್ಕೆ ಇಟ್ಟು ಗೌರವಿಸಿದ್ದೇವೆ. ನಾನು ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಇಂದು ಪಾರಂಪರಿಕ ಎಂದು ನಾವು ಕೈಮುಗಿಯುವ ಕಟ್ಟಡದ ಬಗ್ಗೆ, ಅದು ಏಳುವಾಗಲೇ, ಇದರಿಂದ ಯಾರಿಗೆ ಏನು ಸಿಗುತ್ತದೆ ಎಂದು ಕೇಳಿದವರಿದ್ದರು. ಪರಂಪರೆ ಎಂಬ ಪದ ಆ ಪ್ರಶ್ನೆಯನ್ನು ನುಂಗಿಹಾಕುತ್ತದೆ.

ಇಲ್ಲಿಂದ ಪ್ಯಾರಿಸ್ಸಿಗೆ ಹೋಗುತ್ತೇನೆ. ಸಾಹಿತ್ಯದ ವಿದ್ಯಾರ್ಥಿಗೆ ಮಾರುಕಟ್ಟೆ ಎಂದರೆ ಎಮಿಲ್ ಝೋಲಾನ ‘ಪ್ಯಾರಿಸ್ಸಿನ ಹೊಟ್ಟೆ’ ಕಾದಂಬರಿ ಅಡ್ಡ ಬರದೆ ಇರದು. 1873ರಲ್ಲಿ ಬಂದ ಈ ಕಾದಂಬರಿ ನಡೆಯುವುದು ಲೆ ಆಲ್ ಎಂಬ ನಗರದ ನಡುಮಾರುಕಟ್ಟೆಯಲ್ಲಿ. ಆ ಜಾಗದಲ್ಲಿ ಹನ್ನೆರಡನೇ ಶತಮಾನದಿಂದ ವ್ಯಾಪಾರ ನಡೆಯುತ್ತಿತ್ತು. ಮೂರನೆಯ ನೆಪೋಲಿಯನ್ ಮತ್ತು ಅವನ ಆಡಳಿತಗಾರ ಓಸ್ಮಾನ್ ಹಳೆಯ ಪ್ಯಾರಿಸ್ಸನ್ನು ಕೆಡವಿ ಹೊಸದನ್ನು ಕಟ್ಟುವಾಗ, ಮಾರುಕಟ್ಟೆಯನ್ನು ಹೊಸದಾಗಿ ಕಟ್ಟುವ ಹೊಣೆ ಬಿದ್ದದ್ದು ವಿಕ್ತೊರ್ ಬಾಲ್ತಾರ್ ಎಂಬ ವಾಸ್ತುಶಿಲ್ಪಿಯ ಮೇಲೆ. ಅವನು ಮೊದಲು ಎಬ್ಬಿಸಿದ್ದು ಕಲ್ಲಿನ ಕಟ್ಟಡ. ಜನ ಅದನ್ನು ಕೋಟೆ ಎಂದು ಆಡಿಕೊಂಡರು, ಅದನ್ನು ಕೆಡವಬೇಕಾಯಿತು. ಆಮೇಲೆ ಎದ್ದದ್ದು ಕಬ್ಬಿಣ ಮತ್ತು ಗಾಜಿನ ಮಂಟಪಗಳ ಸಾಲು, ಕೆಳಗೆ ನೆಲಮಾಳಿಗೆ. ಹತ್ತು ಮಂಟಪಗಳು ಹತ್ತೊಂಬತ್ತನೇ ಶತಮಾನದಲ್ಲಿ ಮುಗಿದರೆ, ಕೊನೆಯ ಎರಡು ಮುಗಿದದ್ದು 1930ರ ದಶಕದಲ್ಲಿ.

ಮೊದಲ ಸಲ ಈ ಕಾದಂಬರಿಯನ್ನು ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ, ಎಂ.ಎ. ಓದುವಾಗ. ಆಗ ಅದನ್ನು ವರ್ಣನೆಯ ಔತಣವೆಂದು ಓದಿದೆ. ಕೋಸುಗಳ ಗುಡ್ಡ, ಮೀನಿನ ಕಟ್ಟೆ, ಮಾಂಸದಂಗಡಿಯ ಕನ್ನಡಿ, ಗಿಣ್ಣಿನ ನಾತದ ಮಧ್ಯೆ ಹೆಂಗಸರು ಚಾಡಿ ಹೇಳುವ ಆ ಪ್ರಸಿದ್ಧ ದೃಶ್ಯ. ಝೋಲಾ ರಾತ್ರಿಯಿಡೀ ಮಾರುಕಟ್ಟೆಯಲ್ಲಿ ಅಲೆದು ಟಿಪ್ಪಣಿ ಮಾಡಿಕೊಂಡವನು, ನೆಲಮಾಳಿಗೆಗೂ ಇಳಿದು ನೋಡಿದವನು. ಅದು ಪುಟಪುಟದಲ್ಲೂ ಕಾಣುತ್ತದೆ. ಪಾಠ ಮಾಡುವವರೂ ಇದನ್ನೇ ಹೇಳುತ್ತಾರೆ, ಪರೀಕ್ಷೆಗೂ ಇಷ್ಟು ಸಾಕು.

ಎರಡನೆಯ ಸಲ ಓದಿದಾಗ ಕಂಡದ್ದು ಬೇರೆ. ಕಥೆಯ ನಾಯಕ ಫ್ಲೊರಾನ್ ತಪ್ಪಾಗಿ ಬಂಧನಕ್ಕೊಳಗಾಗಿ, ಕಯೆನ್ನಿನ ಶಿಕ್ಷಾ ದ್ವೀಪದಿಂದ ತಪ್ಪಿಸಿಕೊಂಡು ಬಂದವನು. ಹಸಿವಿನಿಂದ ದಾರಿಯಲ್ಲಿ ಬಿದ್ದಿದ್ದವನನ್ನು ತರಕಾರಿ ಗಾಡಿಯ ಹೆಂಗಸೊಬ್ಬಳು ಎತ್ತಿ ಗಾಡಿಯ ಮೇಲೆ ಹಾಕಿಕೊಂಡು ಬರುತ್ತಾಳೆ. ಕಾದಂಬರಿ ಶುರುವಾಗುವುದೇ ಹೀಗೆ: ಇಡೀ ನಗರದ ಊಟದ ರಾಶಿಯ ಮೇಲೆ ಹೊಟ್ಟೆಗಿಲ್ಲದ ಮನುಷ್ಯ. ಮುಂದೆ ಅವನಿಗೆ ಮೀನು ಮಂಟಪದಲ್ಲಿ ತನಿಖಾಧಿಕಾರಿಯ ಕೆಲಸ ಸಿಗುತ್ತದೆ. ಆದರೆ ಮಾರುಕಟ್ಟೆ ಅವನನ್ನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಸುಖವಾಗಿ ಕೂತಿರುವ ಅವನ ನಾದಿನಿ ಲೀಸಾ, ಚಾಡಿಕೋರ ಮುದುಕಿ, ಮೀನು ಮಾರುವವರು, ಎಲ್ಲರೂ ಸೇರಿ ಅವನನ್ನು ಮತ್ತೆ ಗಡೀಪಾರಾಗುವ ಹಾಗೆ ಮಾಡುತ್ತಾರೆ. ಅವನ ಮೇಲೆ ದೂರು ಕೊಟ್ಟವರ ಕೈಯಲ್ಲಿ ರಕ್ತ ಇಲ್ಲ, ಸಂಚೂ ಇಲ್ಲ; ಅವರಿಗೆ ಬೇಕಾದದ್ದು ವ್ಯಾಪಾರ ಕೆಡದಿರುವುದು, ಅಷ್ಟೇ.

ಅಂದರೆ ಝೋಲಾ ಬರೆದದ್ದು ಮಾರುಕಟ್ಟೆಯ ಸ್ತೋತ್ರವನ್ನಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಎಂಬುದನ್ನು ಮಾರುಕಟ್ಟೆ ಹೇಗೆ ತೀರ್ಮಾನಿಸುತ್ತದೆ ಎಂಬುದರ ಕಥೆ ಅದು. ಅವನ ಚಿತ್ರಕಾರ ಪಾತ್ರ ಕ್ಲೋದ್ ಲಾಂತಿಯೆ ಮಾತ್ರ ಕಟ್ಟಡಕ್ಕೆ ಮರುಳಾದವನು. ಕಬ್ಬಿಣದ ಕಮಾನಿನೊಳಗಿಂದ ಪಕ್ಕದ ಸಾಂತ್ ಉಸ್ತಾಶ್ ಚರ್ಚನ್ನು ತೋರಿಸಿ, ಈ ಕಬ್ಬಿಣ ಆ ಕಲ್ಲನ್ನು ಕೊಲ್ಲುತ್ತದೆ ಎಂಬರ್ಥದ ಭವಿಷ್ಯ ನುಡಿಯುತ್ತಾನೆ. ಕ್ಲೋದ್ ಕೋಸಿನ ಗುಡ್ಡದ ಮೇಲೆ ಬೀಳುವ ಬೆಳಗಿನ ಬಣ್ಣ ನೋಡುತ್ತಾನೆ. ಫ್ಲೊರಾನ್‌ನ ಹೊಟ್ಟೆ ಅದೇ ಗುಡ್ಡದ ಮುಂದೆ ಹಿಂಡುತ್ತಿರುತ್ತದೆ. ನೋಡುವವನೂ ಹಸಿದವನೂ ಒಟ್ಟಿಗೆ ನಿಂತಿರುವ ಆ ದೃಶ್ಯವನ್ನು ಓದಿದಾಗ ನನ್ನ ಕರಡಿನ ವಾಕ್ಯ ನೆನಪಾಗಿ ಮುಖ ಬಿಸಿಯಾಯಿತು. ನಾನು ಬರೆದದ್ದು ಕ್ಲೋದ್‌ನ ವಾಕ್ಯ. ಅವನಾದರೂ ಚಿತ್ರ ಬಿಡಿಸುತ್ತಿದ್ದ.

ಕ್ಲೋದ್‌ನ ಭವಿಷ್ಯ ಸುಳ್ಳಾಯಿತು. ಚರ್ಚು ಇವತ್ತಿಗೂ ಇದೆ, ಕಬ್ಬಿಣದ ಮಂಟಪಗಳಿಲ್ಲ. 1969ರಲ್ಲಿ ಸಗಟು ವ್ಯಾಪಾರವನ್ನು ನಗರದಾಚೆಗೆ, ರಾಂಜಿಸ್ ಎಂಬಲ್ಲಿಗೆ ಸಾಗಿಸಿದರು. 1971ರಲ್ಲಿ ಮಂಟಪಗಳನ್ನು ಕೆಡವಲು ಶುರುಮಾಡಿದರು. ಉಳಿಸಿ ಎಂದು ದೊಡ್ಡ ಕೂಗೆದ್ದಿತು. ನೂರು ವರ್ಷದ ಹಿಂದೆ ಹಳೆಯ ಪ್ಯಾರಿಸ್ಸನ್ನು ಕೆಡವಿ ಕಟ್ಟಿದ್ದ ಕಟ್ಟಡ ಈಗ ಹಳೆಯ ಪ್ಯಾರಿಸ್ಸಿನ ಸಂಕೇತವಾಗಿತ್ತು. ಕೂಗಿನಿಂದ ಉಳಿದದ್ದು ಮುಖ್ಯವಾಗಿ ಒಂದು ಮಂಟಪ, ಎಂಟನೆಯದು. ಅದನ್ನು ಬಿಚ್ಚಿ ನೊಜಾನ್ ಸುರ್ ಮಾರ್ನ್ ಎಂಬ ಊರಿಗೆ ಒಯ್ದು ನಿಲ್ಲಿಸಿದರು. ಅಲ್ಲಿ ಈಗ ಸಮಾರಂಭ, ಸಂಗೀತ ಕಛೇರಿ ನಡೆಯುತ್ತವೆ. ಮಿಕ್ಕ ಕಬ್ಬಿಣ ಬಹುಪಾಲು ಗುಜರಿಗೆ ಹೋಯಿತು. ಮಾರುಕಟ್ಟೆ ಇದ್ದಲ್ಲಿ ವರ್ಷಗಟ್ಟಲೆ ಒಂದು ದೊಡ್ಡ ಗುಂಡಿ ಬಾಯ್ತೆರೆದುಕೊಂಡಿತ್ತು. ಇಟಲಿಯ ನಿರ್ದೇಶಕ ಮಾರ್ಕೊ ಫೆರ್ರೇರಿ ಆ ಗುಂಡಿಯಲ್ಲೇ ಒಂದು ಅಣಕು ವೆಸ್ಟರ್ನ್ ಸಿನಿಮಾ ತೆಗೆದ. 1977ರಲ್ಲಿ ನೆಲದಡಿ ರೈಲು ನಿಲ್ದಾಣ, 1979ರಲ್ಲಿ ನೆಲದಡಿಯೇ ಒಂದು ಶಾಪಿಂಗ್ ಸಂಕೀರ್ಣ. ಅದೂ ಯಾರಿಗೂ ಹಿಡಿಸದೆ, ಮತ್ತೆ ಕೆಡವಿ ಕಟ್ಟುವ ಮಾತು ಬಂದು, 2016ರಲ್ಲಿ ಅದರ ಮೇಲೆ ಕಾನೊಪೆ ಎಂಬ ಹೊಸ ಸೂರು ಬಂತು. ಒಂದೂವರೆ ಶತಮಾನದಲ್ಲಿ ಒಂದೇ ಜಾಗಕ್ಕೆ ಮೂರು ನಾಲ್ಕು ಸಲ ‘ಪುನರಾಭಿವೃದ್ಧಿ’.

ಸಾಂತ್ ಉಸ್ತಾಶ್ ಚರ್ಚಿನ ಒಳಗೆ ರೇಮಂಡ್ ಮೇಸನ್ ಎಂಬ ಕಲಾವಿದ ಮಾಡಿದ ಬಣ್ಣದ ಉಬ್ಬುಶಿಲ್ಪವೊಂದಿದೆ. ಹಣ್ಣು ತರಕಾರಿಗಳು ಪ್ಯಾರಿಸ್ಸಿನ ಎದೆಯಿಂದ ಹೊರಟುಹೋದ ದಿನ ಎಂಬುದು ಅದರ ಹೆಸರು. ದಿನಾಂಕ 28 ಫೆಬ್ರುವರಿ 1969. ಕೈತುಂಬ, ಬುಟ್ಟಿತುಂಬ ಹೊತ್ತ ಜನ ಗುಂಪಾಗಿ ನಡೆದುಬರುತ್ತಾರೆ. ನಾನು ನೋಡಿರುವುದು ಚಿತ್ರಗಳಲ್ಲಿ ಮಾತ್ರ. ಮಾರುಕಟ್ಟೆಗೆ ಕಟ್ಟಿದ ಸ್ಮಾರಕಗಳಲ್ಲಿ, ಕಟ್ಟಡ ಮುಖ್ಯವಾಗದೆ ಹೊರಟವರು ಮುಖ್ಯವಾದ ಇಂಥದ್ದು ಇನ್ನೊಂದು ನನಗೆ ಗೊತ್ತಿಲ್ಲ.

ಪ್ಯಾರಿಸ್ಸಿನಿಂದ ನನಗೆ ಸಿಕ್ಕಿದ ವಿಮರ್ಶೆಯ ಉಪಕರಣ ಇಷ್ಟು. ಮಾರುಕಟ್ಟೆ ಎನ್ನುವುದು ಎರಡು ಭಾಗದ ವಸ್ತು, ಕಟ್ಟಡ ಮತ್ತು ವ್ಯಾಪಾರ. ನೊಜಾನ್‌ನಲ್ಲಿ ಕಟ್ಟಡ ಇದೆ, ವ್ಯಾಪಾರ ಇಲ್ಲ. ರಾಂಜಿಸ್‌ನಲ್ಲಿ ವ್ಯಾಪಾರ ಇದೆ, ನೆನಪಿನ ಕಟ್ಟಡ ಇಲ್ಲ. ಲಂಡನ್ನಿನ ಕೊವೆಂಟ್ ಗಾರ್ಡನ್ನಿನಲ್ಲೂ ಇದೇ ಆಯಿತು: 1974ರಲ್ಲಿ ಹಣ್ಣು ಹೂವಿನ ಸಗಟು ವ್ಯಾಪಾರ ಬೇರೆಡೆಗೆ ಹೋಯಿತು, ಉಳಿಸಿಕೊಂಡ ಕಟ್ಟಡದಲ್ಲಿ 1980ರಿಂದ ಅಂಗಡಿ, ಹೋಟೆಲು, ಪ್ರವಾಸಿಗರು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನೋಡಿದ ಊರುಗಳೂ ಇವೆ. ಬಾರ್ಸಿಲೋನಾದ ಸಾಂತಾ ಕತೆರೀನಾದಲ್ಲಿ ಹಳೆಯ ಗೋಡೆ ಉಳಿಸಿ, ಮೇಲೆ ಅಲೆಯಂಥ ಬಣ್ಣದ ಹೊಸ ಛಾವಣಿ ಹಾಕಿ, ಒಳಗೆ ಮತ್ತೆ ಮೀನು ತರಕಾರಿ ಮಾರುವವರನ್ನು ಕೂರಿಸಿದರು. ಹೀಗಾಗಿ ‘ಉಳಿಸಿ’ ಎಂದವರನ್ನು ಯಾವ ಭಾಗವನ್ನು ಎಂದು ಕೇಳಬೇಕು. ‘ಕೆಡವಿ’ ಎಂದವರನ್ನೂ.

ಮೈಸೂರಿನಲ್ಲಿ ಕೆಡವುವ ಮಾತು ಬಂದದ್ದು ಸುಮ್ಮನೆ ಅಲ್ಲ. 2012ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಊರಿನ ವಿದ್ಯಾರ್ಥಿಗಳಿಗೆ ಲ್ಯಾನ್ಸ್‌ಡೌನ್ ಎಂದರೆ ಹಳೆ ಪುಸ್ತಕದ ಅಂಗಡಿಗಳ ಸಾಲು. ನನ್ನ ಸೀನಿಯರುಗಳು ಇವತ್ತಿಗೂ ಅಲ್ಲಿ ಕೊಂಡ ಪುಸ್ತಕ ತೋರಿಸಿ ಜಂಬ ಕೊಚ್ಚುತ್ತಾರೆ. ಅದಾದ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗ ಕುಸಿಯಿತು. ಅಲ್ಲಿಂದ ಮುಂದೆ ವಾದವೋ ವಾದ. ಸುಣ್ಣದ ಗಾರೆ, ಮದ್ರಾಸ್ ತಾರಸಿ ಸತ್ವ ಕಳೆದುಕೊಂಡಿವೆ, ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟೋಣ ಎಂದು ಪಾಲಿಕೆ. ಗಟ್ಟಿಗೊಳಿಸಿ ಉಳಿಸಬಹುದು ಎಂದು ಪರಂಪರೆಯ ತಜ್ಞರು. ವರದಿಗೆ ವರದಿ ಎದುರಾಯಿತು, ವಿಷಯ ಹೈಕೋರ್ಟಿಗೂ ಹೋಯಿತು.

ಈ ವಾದದ ಭಾಷೆಯನ್ನು ಓದುವುದು ನನ್ನ ಕಸುಬು, ಆದ್ದರಿಂದ ಅದರ ಬಗ್ಗೆ ನಾಲ್ಕು ಮಾತು. ‘ಅದೇ ಶೈಲಿಯಲ್ಲಿ ಮರುನಿರ್ಮಾಣ’ ಎಂಬ ಪದಗುಚ್ಛವನ್ನೇ ತೆಗೆದುಕೊಳ್ಳಿ. ಶೈಲಿ ಎಂದರೆ ಇಲ್ಲಿ ಹೊರಮುಖ: ಕಮಾನು, ಗೋಪುರ, ಹಳದಿ-ಬಿಳಿ ಬಣ್ಣ. ಜಂಬೂಸವಾರಿ ಸಯ್ಯಾಜಿ ರಾವ್ ರಸ್ತೆಯಲ್ಲಿ ಹಾದುಹೋಗುವಾಗ ಟೀವಿಯಲ್ಲಿ ಕಾಣುವ ಭಾಗ. ಒಳಗಿನ ಕಟ್ಟೆಯ ಎತ್ತರಕ್ಕೆ ಯಾವ ಶೈಲಿಯೂ ಇಲ್ಲ, ಹಾಗಾಗಿ ಅದನ್ನು ಯಾರೂ ಮರುನಿರ್ಮಿಸುವ ಮಾತಾಡುವುದಿಲ್ಲ. ಎದುರು ಪಕ್ಷದ ‘ಸಂರಕ್ಷಣೆ’ಯ ಭಾಷೆಯೂ ಇಷ್ಟೇ ಹೊರಮುಖದ್ದು. ಇಟ್ಟಿಗೆಯ ವಯಸ್ಸು, ಗಾರೆಯ ಮಿಶ್ರಣ, ವಾಸ್ತುವಿನ ಸೊಬಗು ಎಲ್ಲದಕ್ಕೂ ಅಲ್ಲಿ ಪದ ಇದೆ. ಒಳಬಾಡಿಗೆಗೆ ಪದ ಇಲ್ಲ. ನನ್ನ ಒಲವು ಈಗಲೂ ಉಳಿಸುವವರ ಕಡೆಗೇ; ಆದರೆ ನಮ್ಮ ಕಡೆಯವರ ಬರಹದಲ್ಲಿ ಮಾರುವವರು ಚಿತ್ರದೊಳಗಿನ ಬಣ್ಣವಾಗಿ ಬಂದು ಹೋಗುತ್ತಾರೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಬಣ್ಣ ಎಂದಾಗ ಕುಂಕುಮದ ಚಿತ್ರ ನೆನಪಾಯಿತು. ದೇವರಾಜ ಮಾರುಕಟ್ಟೆ ಎಂದು ಹುಡುಕಿದವರಿಗೆ ಮೊದಲು ಸಿಗುವುದು ಅದೇ: ತಟ್ಟೆಗಳಲ್ಲಿ ಶಂಕುವಿನ ಆಕಾರಕ್ಕೆ ಒಟ್ಟಿದ ಕೆಂಪು, ನೇರಳೆ, ಹಸಿರು, ನೀಲಿ ಪುಡಿ. ಮೈಸೂರಿನ ಯಾವ ಗೃಹಿಣಿಯೂ ನೀಲಿ ಕುಂಕುಮ ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಅದು ರಂಗೋಲಿಗೆ, ಮತ್ತೆ ಕ್ಯಾಮೆರಾಗೆ. ಮಾರುವವರು ಬುದ್ಧಿವಂತರು, ಏನು ಮಾರಾಟವಾಗುತ್ತದೆ ಎಂದು ಅವರಿಗೆ ಗೊತ್ತು. ಆದರೆ ಆ ಚಿತ್ರದಲ್ಲಿ ಪುಡಿಯ ಹಿಂದೆ ಕೂತವರ ಮುಖ ಬಹುತೇಕ ಮಸುಕಾಗಿರುತ್ತದೆ. ಫೋಕಸ್ ಇರುವುದು ಶಂಕುವಿನ ತುದಿಗೆ.

ವೀಳ್ಯದೆಲೆಯ ಸಾಲಿನಲ್ಲಿ ಒಬ್ಬ ತಾತ ಇದ್ದಾರೆ. ನಮ್ಮಮ್ಮ ಹಬ್ಬಕ್ಕೆ ಎಲೆ ತರಿಸುವುದು ಅವರ ಹತ್ತಿರವೇ. ಮೈಸೂರು ವೀಳ್ಯದೆಲೆಗೆ, ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ ಎಂದು ನಾನು ಅವರಿಗೆ ಹೇಳಿದೆ, ದೊಡ್ಡ ಸಂಶೋಧನೆ ಮಾಡಿದವಳ ಹಾಗೆ. ‘ಎಲೆಗೆ ಸಿಕ್ತಾ? ಒಳ್ಳೇದಾಯ್ತು ಬುಡಮ್ಮ. ನಂಗೆ ಗುರುತಿನ ಪತ್ರ ಕೊಡ್ಸು ನೋಡಾಣ’ ಅಂದರು.

ತಮಾಷೆ ಎಂದುಕೊಂಡು ನಕ್ಕೆ. ತಮಾಷೆ ಆಗಿರಲಿಲ್ಲ. ಅವರು ಕೂರುವ ಕಟ್ಟೆ ಪಾಲಿಕೆಯ ಪುಸ್ತಕದಲ್ಲಿ ಇನ್ನೊಬ್ಬರ ಹೆಸರಿನಲ್ಲಿದೆ. ಆ ಇನ್ನೊಬ್ಬರ ಮಗ ಈಗ ಬೇರೆ ಊರಲ್ಲಿ. ಅವರಿಗೆ ಇವರು ತಿಂಗಳು ತಿಂಗಳು ಒಳಬಾಡಿಗೆ ಕೊಡುತ್ತಾರೆ, ರಸೀದಿ ಇಲ್ಲ. ಬೆಳಿಗ್ಗೆ ಸರಕಿಗೆ ದುಡ್ಡು ಸಾಲದ ದಿನ ಮೀಟರ್ ಬಡ್ಡಿಯವನ ಕೈಯಿಂದ ತೆಗೆದು, ಸಂಜೆ ತೀರಿಸುತ್ತಾರೆ. ಎಷ್ಟು ವರ್ಷದಿಂದ ಕೂತಿದ್ದೀರಿ ಎಂದರೆ ಮಗಳ ಮದುವೆಗೆ ಮೊದಲಿಂದ ಎನ್ನುತ್ತಾರೆ. ಆ ಮಗಳಿಗೆ ಈಗ ಮೊಮ್ಮಗು.

ಕಟ್ಟಡ ಉಳಿಯಬೇಕೋ ಬೇಡವೋ ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನ್ನ ಎರಡೂ ಕಡೆಯ ಕಡತಕ್ಕೆ ಹೊಂದಲಿಲ್ಲ. ಮಳೆ ಬಂದರೆ ನೆತ್ತಿ ಮೇಲೆ ಸೋರುತ್ತೆ, ಮೇಲಿಂದ ಗಾರೆ ಉದುರುತ್ತೆ, ಹೊಸದು ಕಟ್ಟಲಿ, ಯಾರು ಬ್ಯಾಡ ಅಂತಾರೆ? ಹೀಗೆಂದವರು ಒಂದು ಕಟ್ಟು ಎಲೆಗೆ ನೀರು ಚಿಮುಕಿಸಿ ಮುಂದುವರಿಸಿದರು: ‘ಕಟ್ಟಿದ್ ಮ್ಯಾಲೆ ಯಾರ್ ಹೆಸ್ರು ಕೂಗ್ತಾರೆ? ಪುಸ್ತಕ್ದಾಗಿರೋ ಹೆಸ್ರು ತಾನೆ? ನಾನು ಪುಸ್ತಕ್ದಾಗೆ ಇಲ್ವಲ್ಲಮ್ಮ.’

ಉಳಿಸಿದರೆ ಅವರು ಸೋರುವ ಸೂರಿನಡಿ ರಸೀದಿ ಇಲ್ಲದೆ ಕೂತಿರುತ್ತಾರೆ. ಕೆಡವಿದರೆ ಹಂಚಿಕೆಯ ಪಟ್ಟಿಯಲ್ಲಿ ಹೆಸರಿಲ್ಲದೆ ಹೊರಗೆ ಹೋಗುತ್ತಾರೆ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಕಟ್ಟಡದ ಗಟ್ಟಿತನದ್ದು. ಅದು ಕೇಳಲೇಬೇಕಾದ ಪ್ರಶ್ನೆ, ನಾಲ್ಕು ಜನ ಸತ್ತಿರುವ ಊರು ಇದು. ತಾತನ ಪ್ರಶ್ನೆ ಅದರ ಹಿಂದಿನ ಸಾಲಿನದು. ಹೊರಮೈಯ ಷಟರ್ ಅಂಗಡಿಗಳವರಿಗೆ ಸಂಘ ಇದೆ, ವಕೀಲರಿದ್ದಾರೆ, ಪತ್ರಿಕಾಗೋಷ್ಠಿ ಮಾಡುತ್ತಾರೆ. ಒಳಗಿನ ಕಟ್ಟೆಯಲ್ಲೂ ಪಟ್ಟಿಯಲ್ಲಿ ಹೆಸರಿರುವವರಿದ್ದಾರೆ, ಇಲ್ಲದವರಿದ್ದಾರೆ. ಅವರ ನಡುವೆಯೂ ಜಗಳ ಇದೆ. ಕೆಡವುವ ಸುದ್ದಿ ಬಂದಾಗಿನಿಂದ ಹೆಸರಿರುವವರು ಒಳಬಾಡಿಗೆಯವರನ್ನು ನೋಡುವ ನೋಟವೇ ಬದಲಾಗಿದೆ ಎಂದು ಹೂವಿನ ಅಮ್ಮನೊಬ್ಬರು ಮೆಲ್ಲಗೆ ಹೇಳಿದರು. ಲೀಸಾ ಎಲ್ಲ ಊರಲ್ಲೂ ಇರುತ್ತಾಳೆ.

ಕನ್ನಡ ಸಾಹಿತ್ಯ ಇದನ್ನೆಲ್ಲ ಎಲ್ಲಿ ಬರೆದಿದೆ ಎಂದು ಹುಡುಕಿದೆ. ನಮ್ಮಲ್ಲಿ ಸಂತೆ ಬೇಕಾದಷ್ಟಿದೆ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದರಲ್ಲಿ ಸಂತೆ ಲೋಕದ ಗದ್ದಲಕ್ಕೆ ರೂಪಕ. ಪುರಂದರದಾಸರು ಹರಿನಾಮವನ್ನೇ ಕಲ್ಲುಸಕ್ಕರೆ ಮಾಡಿ ಕೂಗಿ ಮಾರಿದರು. ವ್ಯಾಪಾರದ ಒಳಹೊರಗು ಗೊತ್ತಿದ್ದವರ ಹಾಡು ಅದು. ಜನಪದರಲ್ಲಿ ಸಂತೆಗೆ ಹೋಗಿ ಬರುವುದು ಒಂದು ಕಥೆಯ ಆರಂಭ. ಆದರೆ ಇವೆಲ್ಲ ವಾರಕ್ಕೊಮ್ಮೆ ಬಂದು ಎದ್ದುಹೋಗುವ ಸಂತೆಗಳು, ಇಲ್ಲವೇ ಬಾಳಿನ ರೂಪಕಗಳು. ದಿನಾ ಬಾಗಿಲು ತೆಗೆಯುವ, ಬಾಡಿಗೆ ಕಟ್ಟುವ, ಪುರಸಭೆಗೆ ಸೇರಿದ ಮಾರ್ಕೆಟ್ಟು ನಮ್ಮ ಕಥೆ ಕಾದಂಬರಿಗಳಲ್ಲಿ ನಾಯಕರು ಹಾದುಹೋಗುವ ದಾರಿಯಾಗಿ ಬರುವುದೇ ಹೆಚ್ಚು. ಮೈಸೂರಿನ ಹೆಸರಿನ ಹೂವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ್ದು 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ಸಂಕಲನ. ಆ ಮಲ್ಲಿಗೆ ಅರಳಿದ್ದು ದಾಂಪತ್ಯದ ಅಂಗಳದಲ್ಲಿ. ಅದನ್ನು ಬೆಳಗಿನ ಜಾವ ಬಿಡಿಸಿ, ಕಟ್ಟಿ, ಮೊಳ ಹಾಕಿ ಮಾರಿದವರು ಆ ಅಂಗಳಕ್ಕೆ ಬರಲಿಲ್ಲ, ಬರಬೇಕೆಂದು ಕೇಳುವುದೂ ತಪ್ಪು. ಇಂಗ್ಲಿಷಿನಲ್ಲಿ ಬರೆದ ನಮ್ಮೂರಿನ ಆರ್.ಕೆ. ನಾರಾಯಣ್ ಮಾಲ್ಗುಡಿಗೆ ಮಾರ್ಕೆಟ್ ರಸ್ತೆಯನ್ನೇ ಕೊಟ್ಟರು. ಅವರ ಮಿಠಾಯಿ ಅಂಗಡಿಯ ಜಗನ್‌ಗೆ ಅಂಗಡಿ ಸ್ವಂತದ್ದು. ಗಲ್ಲಾಪೆಟ್ಟಿಗೆಯ ಹಿಂದೆ ಭಗವದ್ಗೀತೆ ಓದುತ್ತಾ ಕೂರುವಷ್ಟು ನಿಶ್ಚಿಂತೆ ಇತ್ತು.

ಇದನ್ನು ಕೊರತೆಯ ಪಟ್ಟಿಯಾಗಿ ಹೇಳುತ್ತಿಲ್ಲ. ಕಟ್ಟೆಯ ಮೇಲೆ ಕೂತವರು ಬರೆಯಲಿಲ್ಲ, ಬರೆದವರು ಕಟ್ಟೆಯ ಈಚೆ ನಿಂತು ಚೀಲ ತುಂಬಿಸಿಕೊಂಡು ಮನೆಗೆ ಬಂದರು. ನಾನೂ ಹಾಗೇ ಬಂದವಳು. ಹಾಗೆಂದು ಝೋಲಾನ ಹಾಗೆ ರಾತ್ರಿಯಿಡೀ ಟಿಪ್ಪಣಿ ಮಾಡಿಕೊಂಡು ಬಂದರೆ ಸಾಕು ಎಂದೂ ನನಗೆ ಅನ್ನಿಸುವುದಿಲ್ಲ. ಅವನಿಗೆ ಕೋಸಿನ ಬೆಲೆ, ಮೀನಿನ ಹರಾಜು ಎಲ್ಲ ಗೊತ್ತಿತ್ತು. ಆದರೂ ಮಾರುವ ಹೆಂಗಸರನ್ನು ಬರೆಯುವಾಗ ಅವರನ್ನು ಮಾರುವ ಸರಕಿನ ಹಾಗೇ ಬರೆದ: ಮೀನಿನವಳ ಮೈಗೆ ಮೀನಿನ ವಾಸನೆ, ಹಣ್ಣಿನವಳ ಕೆನ್ನೆಗೆ ಹಣ್ಣಿನ ಬಣ್ಣ. ಅದ್ಭುತವಾದ ಬರವಣಿಗೆ, ಅನುಮಾನವಿಲ್ಲ. ಆದರೆ ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೂ ಅವರಿಗೆ ಬೇರೆ ಮೈ ಕೊಡದ ಬರವಣಿಗೆ.

ಕರಡಿನ ಆ ವಾಕ್ಯವನ್ನು ಹೊಡೆದು ಹಾಕಿದ್ದೇನೆ. ಅದರ ಜಾಗದಲ್ಲಿ ಈಗ ಮೂರು ಪುಟ ಇದೆ: ಕಟ್ಟೆಯ ಎತ್ತರ, ಹೊರಸಾಲು ಒಳಸಾಲಿನ ವ್ಯತ್ಯಾಸ, ಒಳಬಾಡಿಗೆಯ ಲೆಕ್ಕ. ಮೂರು ಪುಟ ಸಾಹಿತ್ಯ ವಿಭಾಗದ ಪ್ರಬಂಧಕ್ಕೆ ಹೊಂದುತ್ತದೆಯೇ ಎಂಬ ಮಾತು ಈಗಾಗಲೇ ಬಂದಿದೆ. ಬರಲಿ.

ಹೋದ ವಾರ ಅಳತೆಪಟ್ಟಿ ತೆಗೆದುಕೊಂಡು ಹೋಗಿದ್ದೆ, ಕಟ್ಟೆಯ ಎತ್ತರ ಸರಿಯಾಗಿ ಬರೆದುಕೊಳ್ಳೋಣ ಎಂದು. ಪಟ್ಟಿ ಬಿಚ್ಚಿದ ತಕ್ಷಣ ಆಚೀಚೆ ಕಟ್ಟೆಯವರು ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ಬಾಳೆಹಣ್ಣಿನವರು ಎದ್ದು ನಿಂತೇ ಬಿಟ್ಟರು: ‘ಯಾವ್ ಆಫೀಸಿಂದಮ್ಮ?’ ತಾತ ತಮ್ಮ ಜಾಗದಿಂದಲೇ ಕೂಗಿ ಹೇಳಿದರು, ‘ಆಫೀಸಲ್ಲ, ನಮ್ಮ ಎಲೆ ಗಿರಾಕಿ. ಓದೋ ಮಗ.’ ಅವರು ಕೂತರು. ನಾನು ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡು, ಬೇಕಿಲ್ಲದಿದ್ದರೂ ಒಂದು ಚಿಪ್ಪು ಬಾಳೆಹಣ್ಣು ಕೊಂಡೆ.